ನಿವೇಶನ ಕೊಟ್ಟರು, ಸನ್ನಿವೇಶ ಕೊಡಲಿಲ್ಲ



ತಾಲ್ಲೂಕು ಕಚೇರಿಯ ಕಾಗದದಲ್ಲಿ ಮನೆ ಕಟ್ಟುವ ಜಾಗಕ್ಕೆ ನಿವೇಶನ ಅಂತ ಬರೆದಿರುತ್ತಾರೆ. ನಮ್ಮ ಅವ್ವಂದಿರು ಅದನ್ನೇ ಸೈಟು ಅಂತಾರೆ. ಈ ನಿವೇಶನ ಅನ್ನುವ ಮಾತು ಭೂಗೋಳದ ಪುಸ್ತಕದಲ್ಲೂ ಉಂಟು. ಅಲ್ಲಿ ಅದು ಒಂಟಿಯಾಗಿಲ್ಲ. ಸನ್ನಿವೇಶ ಅನ್ನುವ ಇನ್ನೊಂದು ಮಾತನ್ನು ಜೋಡಿ ಮಾಡಿಕೊಂಡು ನಿಂತಿದೆ. ನಿವೇಶನ ಅಂದರೆ ಊರು ನಿಂತಿರುವ ನೆಲ: ಅದರ ಏರು, ತಗ್ಗು, ಮಣ್ಣು, ನೀರು. ಸನ್ನಿವೇಶ ಅಂದರೆ ಆ ನೆಲಕ್ಕೂ ಅದರ ಸುತ್ತಲಿನದಕ್ಕೂ ಇರುವ ಸಂಬಂಧ: ದಾರಿ ಯಾವ ಕಡೆ ಹೋಗುತ್ತೆ, ಸಂತೆ ಎಷ್ಟು ದೂರ, ನದಿಯ ಮೇಲ್ಗಡೆ ಯಾರಿದ್ದಾರೆ, ಕೆಳಗಡೆ ಯಾರಿದ್ದಾರೆ, ಅಧಿಕಾರ ಎಲ್ಲಿ ಕೂತಿದೆ. ಇದೊಂದು ಐದು ಅಂಕದ ಪ್ರಶ್ನೆ. ನಾವೆಲ್ಲ ಉರು ಹೊಡೆದು, ಬರೆದು, ಪಾಸಾಗಿದ್ದೇವೆ.

ಪಾಸಾದರೆ ಸಾಲದು. ಈ ಎರಡು ಮಾತಿನ ನಡುವೆ ನಮ್ಮ ಕೇರಿಗಳ ಚರಿತ್ರೆ ಅಡಗಿದೆ. ಒಂದು ಜಾಗದ ಗುಣ ಅದರ ಮಣ್ಣಿನ ಜೊತೆ ಹುಟ್ಟಿಬರುವುದಿಲ್ಲ. ಅದರ ಸುತ್ತು ಅದಕ್ಕೆ ಗುಣ ಕೊಡುತ್ತದೆ. ಆ ಸುತ್ತನ್ನು ಬಹುಪಾಲು ಮಾಡಿದವರು ಮನುಷ್ಯರು. ಮನುಷ್ಯರು ಮಾಡಿದ್ದನ್ನು ಮನುಷ್ಯರು ಬದಲಾಯಿಸಬಹುದು. ಆದ್ದರಿಂದ ಬರೀ ನಿವೇಶನ ಕೇಳುವ ಹೋರಾಟ ಅರ್ಧ ಹೋರಾಟ ಅಂತ ನಾವು ಹೇಳುತ್ತೇವೆ. ಇದಕ್ಕೆ ದೂರದ ದೇಶದ ಉದಾಹರಣೆ ಹುಡುಕಬೇಕಾಗಿಲ್ಲ. ಕಪಿಲೆಯ ದಡದ ಎರಡು ತಾಲ್ಲೂಕು ಸಾಕು: ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ.

ಮೊದಲು ನರಸೀಪುರ ನೋಡೋಣ. ಕಾವೇರಿ, ಕಪಿಲೆ ಕೂಡುವ ಜಾಗ. ನಿವೇಶನ ಅಂದರೆ ಇದಕ್ಕಿಂತ ಒಳ್ಳೇದು ಎಲ್ಲಿ ಸಿಕ್ಕೀತು? ಎರಡು ನದಿಯ ನೀರು, ನದಿ ತಂದು ಹಾಕಿದ ಮೆಕ್ಕಲು ಮಣ್ಣು. 1959-60 ಮತ್ತು 1961-62ರಲ್ಲಿ ಎಂ. ಶೇಷಾದ್ರಿಯವರ ಮುಂದಾಳ್ತನದಲ್ಲಿ ಇಲ್ಲಿ ನೆಲ ಅಗೆದಾಗ ನವಶಿಲಾಯುಗದ ಜನ ಬಾಳಿದ ಗುರುತು ಸಿಕ್ಕಿತು. ಅವರ ಮಡಕೆ ಸಿಕ್ಕಿತು, ಮಣ್ಣು ಮಾಡಿದ ಹೆಣಗಳ ಮೂಳೆ ಸಿಕ್ಕಿತು. ಅಂದರೆ ಗುಡಿ ಗೋಪುರ ಏಳುವ ಸಾವಿರಾರು ವರ್ಷ ಮೊದಲೇ ಮನುಷ್ಯ ಇಲ್ಲಿ ಒಲೆ ಹಚ್ಚಿದ್ದ. ಆ ಮೂಳೆಯನ್ನು ನೋಡಿ ಇದು ಮೇಲಿನವರದು, ಇದು ಕೆಳಗಿನವರದು ಅಂತ ಯಾವ ಪಂಡಿತನೂ ಹೇಳಲಾರ. ಆಗ ಅದು ಕುಡಿಯೋಕೆ ನೀರು, ದನಕ್ಕೆ ಮೇವು ಸಿಗುವ ಒಂದು ದಡ. ಅಷ್ಟೇ.

ಆಮೇಲೆ ಅದೇ ದಡಕ್ಕೆ ಅಗಸ್ತ್ಯೇಶ್ವರ ಬಂದ. ಗುಂಜಾ ನರಸಿಂಹಸ್ವಾಮಿ ಬಂದ. ಕಣ್ಣಿಗೆ ಕಾಣುವ ಎರಡು ನದಿಯ ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಸೇರಿಕೊಂಡು ತ್ರಿವೇಣಿ ಸಂಗಮ ಆಯಿತು. 1989ರಿಂದ ಮೂರು ವರ್ಷಕ್ಕೊಂದು ಎಂಬ ಲೆಕ್ಕದಲ್ಲಿ ಕುಂಭಮೇಳ ಶುರುವಾಯಿತು. 2025ರ ಫೆಬ್ರವರಿಯಲ್ಲೂ ನಡೆಯಿತು. 1988ರ ನೀರಿಗೂ 1989ರ ನೀರಿಗೂ ರುಚಿಯಲ್ಲಿ ಏನು ವ್ಯತ್ಯಾಸ ಇದ್ದೀತು? ನೀರಿನ ಸುತ್ತು ಬದಲಾಯಿತು. ಮಠ ಬಂತು, ಮಂತ್ರಿ ಬಂದ, ಪೆಂಡಾಲು ಎದ್ದಿತು, ದೀಪ ಹತ್ತಿತು, ಬಸ್ಸು ಓಡಿತು. ಯಾರ ಸ್ನಾನದ ಮೇಲೂ ನಮಗೆ ಸಿಟ್ಟಿಲ್ಲ. ನಾವು ಗಮನಿಸಬೇಕಾದದ್ದು ಒಂದೇ: ಮನಸ್ಸು ಮಾಡಿದರೆ ಸರ್ಕಾರ ಖಾಲಿ ಹೊಳೆದಂಡೆಗೆ ಕೆಲವೇ ದಿನಗಳಲ್ಲಿ ದಾರಿ, ದೀಪ, ಕುಡಿಯುವ ನೀರು, ಬಸ್ಸು ಎಲ್ಲವನ್ನೂ ತರಬಲ್ಲದು. ಮೂರು ದಿನದ ಜಾತ್ರೆಗೆ ಬರುವ ಈ ಸನ್ನಿವೇಶ, ಮುನ್ನೂರ ಅರವತ್ತೈದು ದಿನ ಬದುಕುವ ಕೇರಿಗೆ ಯಾಕೆ ಬರುವುದಿಲ್ಲ?

ಈಗ ಕಪಿಲೆಯ ಮೇಲ್ಗಡೆ ಹೋದರೆ ನಂಜನಗೂಡು. ಇಲ್ಲಿ ಹರಿಯುವ ದೊಡ್ಡ ನದಿ ಒಂದೇ. ಬರೀ ನಿವೇಶನದ ಲೆಕ್ಕ ಹಿಡಿದರೆ ನರಸೀಪುರವೇ ಮುಂದೆ ಇರಬೇಕಿತ್ತು. ಆದರೆ ನಂಜನಗೂಡಿಗೆ ದೊರೆಗಳು ನಡೆದುಕೊಳ್ಳುವ ನಂಜುಂಡೇಶ್ವರ ಇದ್ದ. 1735ರಲ್ಲಿ ದಳವಾಯಿ ದೇವರಾಜ ಕಪಿಲೆಗೆ ಕಲ್ಲಿನ ಸೇತುವೆ ಕಟ್ಟಿಸಿದ. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಮೈಸೂರಿನಿಂದ ರೈಲು ಬಂತು. ಆ ಹಳೇ ಸೇತುವೆಯ ಮೇಲೇ ಹಳಿಯೂ ಹಾದುಹೋಯಿತು. 1926ರಲ್ಲಿ ಹಳಿ ಚಾಮರಾಜನಗರದವರೆಗೆ ಬೆಳೆಯಿತು. 1913ರಲ್ಲಿ ಇಲ್ಲಿ ಶುರುವಾದ ಸದ್ವೈದ್ಯಶಾಲೆಯ ಹಲ್ಲುಪುಡಿ ನಾಡಿನ ಬಾಯಿಗೆಲ್ಲ ನಂಜನಗೂಡಿನ ಹೆಸರು ಹಚ್ಚಿತು. ಮುಂದೆ ಹೆದ್ದಾರಿಯ ಪಕ್ಕದಲ್ಲಿ ಕೈಗಾರಿಕಾ ಪ್ರದೇಶ ಬಂತು. ನೆಸ್ಲೆಯ ಕಾಫಿಪುಡಿ ಕಾರ್ಖಾನೆಯೂ ಬಂತು. ನರಸೀಪುರಕ್ಕೆ ಎರಡು ನದಿ ಇದ್ದರೂ ಇವತ್ತಿಗೂ ರೈಲಿಲ್ಲ. ಹಳಿ ಯಾವ ಕಡೆ ಹೋಗಬೇಕು ಅಂತ ನದಿ ಹೇಳಲಿಲ್ಲ, ಮಣ್ಣು ಹೇಳಲಿಲ್ಲ. ಅರಮನೆ ಹೇಳಿತು, ಎಂಜಿನಿಯರು ಗೆರೆ ಎಳೆದ.

ಸುತ್ತು ಬದಲಾದರೆ ಗುಣ ಎಷ್ಟು ಬೇಗ ಬದಲಾಗುತ್ತೆ ಅನ್ನೋದನ್ನು ನಂಜನಗೂಡು ಇನ್ನೊಂದು ರೀತಿಯಲ್ಲೂ ಕಂಡಿತು. 2020ರ ಮಾರ್ಚಿ ಕೊನೆಯಲ್ಲಿ ಇಲ್ಲಿನ ಒಂದು ಔಷಧಿ ಕಾರ್ಖಾನೆಯ ನೌಕರರಲ್ಲಿ ಕೊರೊನಾ ಕಾಣಿಸಿಕೊಂಡಿತು. ನಂಜುಂಡವನ ಊರು, ಹಕೀಂ ನಂಜುಂಡನ ಊರು ಅಂತ ಕಾಯಿಲೆ ಕಸಾಲೆ ವಾಸಿಯಾಗಲಿ ಎಂದು ಹರಕೆ ಹೊತ್ತು ಬರುತ್ತಿದ್ದ ಜಾಗಕ್ಕೆ ಹತ್ತೇ ದಿನದಲ್ಲಿ ನಂಜಿನ ಹೆಸರು ಬಂತು. ದಾರಿಗೆ ಅಡ್ಡ ಬಿತ್ತು. ನಂಜನಗೂಡಿನವರು ಅಂದರೆ ಜನ ನಾಲ್ಕು ಮಾರು ದೂರ ನಿಂತರು. ದೂರ ನಿಲ್ಲು ಅನ್ನಿಸಿಕೊಳ್ಳೋದು ಎಂಥ ಸಂಕಟ ಅಂತ ಅಗ್ರಹಾರಕ್ಕೂ, ದೊಡ್ಡ ಬೀದಿಗೂ ಆಗ ಒಂದಿಷ್ಟು ತಿಳಿಯಿತು. ಅವರಿಗೆ ಅದು ಎರಡು ತಿಂಗಳಿಗೆ ಮುಗಿಯಿತು. ನಮಗೆ ಎಷ್ಟು ತಲೆಮಾರು ಅಂತ ಲೆಕ್ಕ ಇಟ್ಟವರಾರು? ಮಣ್ಣು ಅದೇ, ನೀರು ಅದೇ, ದೇವರೂ ಅವನೇ. ಊರಿನ ಗುಣ ಮಾತ್ರ ಒಂದು ಸಲ ಹೋಗಿ ಮತ್ತೆ ಬಂತು.

ಈಗ ನರಸೀಪುರ ತಾಲ್ಲೂಕಿನ ತಲಕಾಡಿಗೆ ಬನ್ನಿ. ಗಂಗರು ಆಳಿದ ಊರು ಮರಳಲ್ಲಿ ಹೂತುಹೋಗಿದೆ. ಯಾಕೆ ಅಂತ ಕೇಳಿದರೆ ಅಲಮೇಲಮ್ಮನ ಶಾಪ ಅಂತ ಕಥೆ ಹೇಳುತ್ತಾರೆ. ಕಥೆ ಚೆನ್ನಾಗಿದೆ, ಒಬ್ಬ ಹೆಂಗಸಿನ ಸಿಟ್ಟಿಗೆ ದೊರೆತನವೇ ನಡುಗಿದ ಕಥೆ ನಮಗೂ ಇಷ್ಟ. ಆದರೆ ನದಿಯನ್ನು ಓದಬಲ್ಲ ಕೆಲವು ವಿದ್ವಾಂಸರು ಬೇರೆ ಮಾತು ಹೇಳುತ್ತಾರೆ. ವಿಜಯನಗರದ ಕಾಲದಲ್ಲಿ ಕಾವೇರಿಗೆ ಮಾಧವಮಂತ್ರಿ ಅಣೆಕಟ್ಟು ಬಿತ್ತು. ನೀರಿನ ಹರಿವು ತಗ್ಗಿ ಹೊಳೆಯ ಮರಳು ಬಯಲಿಗೆ ಬಿತ್ತು. ಗಾಳಿ ಅದನ್ನು ವರ್ಷ ವರ್ಷ ಹೊತ್ತು ತಂದು ಊರಿನ ಮೇಲೆ ಸುರಿಯಿತು ಅಂತ. ಶಾಪ ಅಂದರೆ ಕೈಮುಗಿದು ಕೂರಬೇಕು. ಅಣೆಕಟ್ಟು ಅಂದರೆ ಯಾರು ಕಟ್ಟಿದರು, ನೀರು ಯಾರ ಗದ್ದೆಗೆ ಹೋಯಿತು, ಮರಳು ಯಾರ ಮನೆ ಮೇಲೆ ಬಿತ್ತು ಅಂತ ಕೇಳಬಹುದು.

ನಮ್ಮ ಬಡತನಕ್ಕೂ ಪುರೋಹಿತಶಾಹಿ ಒಂದು ಶಾಪದ ಕಥೆ ಹೇಳಿಕೊಟ್ಟಿದೆ. ಅದರ ಹೆಸರು ಕರ್ಮ. ಹೋದ ಜನ್ಮದಲ್ಲಿ ಮಾಡಿದ್ದು, ಈ ಜನ್ಮದಲ್ಲಿ ಉಣ್ಣಬೇಕು ಅನ್ನುವ ಕಥೆ. ನಾವು ಅಣೆಕಟ್ಟನ್ನು ಹುಡುಕೋಣ. ನಮಗೆ ಬರಬೇಕಾದ ನೀರು, ದಾರಿ, ಅಕ್ಷರ ಇವುಗಳಿಗೆ ಅಡ್ಡ ಕಟ್ಟಿರುವ ಕಟ್ಟೆ ಎಲ್ಲಿದೆ? ಅದರ ಕೀಲಿ ಯಾರ ಕೈಲಿದೆ?

ಕೇರಿ ಅನ್ನುವ ಪದವನ್ನೇ ತಗೊಳ್ಳಿ. ಕನ್ನಡದಲ್ಲಿ ಕೇರಿ ಅಂದರೆ ಬೀದಿ. ಒಕ್ಕಲಗೇರಿ ಇದೆ, ಕುಂಬಾರಗೇರಿ ಇದೆ. ಆದರೆ ಹಳ್ಳಿಯಲ್ಲಿ ಹಿಂದೆ ಮುಂದೆ ಏನೂ ಸೇರಿಸದೆ ಬರೀ ಕೇರಿ ಅಂದರೆ ಎಲ್ಲರಿಗೂ ಅರ್ಥವಾಗುತ್ತೆ, ಅದು ನಮ್ಮದು ಅಂತ. ಕೇರಿ ಎಲ್ಲಿದೆ ಅಂತ ಕೇಳಿ; ಊರ ಹೊರಗೆ ಅಂತಾರೆ. ಹೊರಗೆ ಅನ್ನೋದು ನೆಲದ ಗುಣವೇ? ಯಾವ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಹೊರಗೆ ಅನ್ನುವ ಗುಣ ಸಿಗುತ್ತೆ? ಒಳಗೆ ಅಂತ ಒಬ್ಬ ಗೆರೆ ಎಳೆದಾಗ ಮಾತ್ರ ಹೊರಗೆ ಹುಟ್ಟುತ್ತೆ. ಹಾಗಾಗಿ ಕೇರಿ ಒಂದು ಜಾಗಕ್ಕಿಂತ ಹೆಚ್ಚಾಗಿ ಒಂದು ಸಂಬಂಧದ ಹೆಸರು. ಇಂಗ್ಲೆಂಡಿನ ಭೂಗೋಳ ಶಾಸ್ತ್ರಜ್ಞೆ ಡೊರೀನ್ ಮ್ಯಾಸಿ 1991ರ ಒಂದು ಲೇಖನದಲ್ಲಿ, ಜಾಗವನ್ನು ಬೇಲಿ ಹಾಕಿದ ತುಂಡು ಅಂತ ನೋಡಬೇಡಿ, ಸಂಬಂಧಗಳು ಬಂದು ಕೂಡುವ ಗಂಟು ಅಂತ ನೋಡಿ ಎಂಬ ಅರ್ಥದ ವಾದ ಮಾಡಿದಳು. ಆಕೆ ಬರೆದದ್ದು ತನ್ನ ಲಂಡನ್ನಿನ ಬೀದಿಯನ್ನು ನೋಡಿ. ನಮ್ಮ ಅಜ್ಜಿಯಂದಿರು ಸೇದುವ ಬಾವಿಯ ಹತ್ತಿರ ಕೊಡ ಇಟ್ಟುಕೊಂಡು ಯಾರಾದರೂ ನೀರು ಹೊಯ್ಯಲಿ ಅಂತ ಕಾಯುತ್ತಾ ನಿಂತು ಕಲಿತ ಪಾಠವೂ ಇದೇ. ಬಾವಿ ಹತ್ತು ಹೆಜ್ಜೆಯಲ್ಲಿತ್ತು. ನೀರು ಮಾತ್ರ ದೂರದಲ್ಲಿತ್ತು.

ಇದಕ್ಕೆ ನಂಜನಗೂಡು ತಾಲ್ಲೂಕಿನ ಬದನವಾಳು ಸಾಕ್ಷಿ. 1927ರಲ್ಲಿ ಖಾದಿ ಕೇಂದ್ರ ಶುರುವಾದ, ಗಾಂಧಿ ಬಂದುಹೋದ ಊರು ಅಂತ ಅದಕ್ಕೆ ಹೆಸರಿತ್ತು. ಅದೇ ಊರಿನಲ್ಲಿ 1993ರ ಮಾರ್ಚಿಯಲ್ಲಿ ಸಿದ್ಧೇಶ್ವರ ಗುಡಿಯ ಪ್ರವೇಶದ ಜಗಳ ಬೆಳೆದು ಮೂವರು ದಲಿತರ ಕೊಲೆಯಾಯಿತು. ಅಲ್ಲಿಂದಾಚೆ ಬದನವಾಳು ಅಂದರೆ ನಾಡಿಗೆ ನೂಲಿನ ಜೊತೆ ನೆತ್ತರೂ ನೆನಪಾಗುತ್ತದೆ. ಲಿಂಗಾಯತರ ಬೀದಿಗೂ ದಲಿತರ ಬೀದಿಗೂ ನಡುವೆ ಇದ್ದ ದಾರಿ ಬಳಕೆ ತಪ್ಪಿತು. 2022ರ ಅಕ್ಟೋಬರ್ 2ರಂದು ಕಾಂಗ್ರೆಸ್ಸಿನ ಭಾರತ ಜೋಡೊ ಯಾತ್ರೆ ಅಲ್ಲಿಗೆ ಬಂದಾಗ ಆ ದಾರಿಗೆ ಹೊಸದಾಗಿ ಕಲ್ಲು ಹಾಸಿದರು, ಬಣ್ಣ ಬಳಿದರು, ಎರಡೂ ಬೀದಿಯವರು ಕೂತು ಒಟ್ಟಿಗೆ ಉಂಡರು. 1993ರಿಂದ 2022, ಇಪ್ಪತ್ತೊಂಬತ್ತು ವರ್ಷ. ಆ ದಾರಿಯ ಉದ್ದ ಹೆಚ್ಚಲಿಲ್ಲ, ಅಗಲ ಕಮ್ಮಿಯಾಗಲಿಲ್ಲ. ಸರ್ವೆಯವರು ಬಂದು ಸರಪಳಿ ಹಿಡಿದಿದ್ದರೆ ಅದೇ ಅಳತೆ ಬರುತ್ತಿತ್ತು.

ದಾರಿ ತೆರೆದದ್ದು ಒಳ್ಳೇದೇ. ಅದನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಕಲ್ಲು ಹಾಸೋದು ನಿವೇಶನದ ಕೆಲಸ, ಒಂದು ದಿನದಲ್ಲಿ ಮುಗಿಯುತ್ತೆ. ಆ ಕಲ್ಲಿನ ಮೇಲೆ ಕ್ಯಾಮರಾ ಇಲ್ಲದ ದಿನವೂ ಎರಡು ಬೀದಿಯ ಮಕ್ಕಳು ಕೈ ಹಿಡಿದು ಸ್ಕೂಲಿಗೆ ಹೋಗಬೇಕು. ಸಾವಿಗೆ, ಮದುವೆಗೆ ಜನ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಬರಬೇಕು. ಅದು ಸನ್ನಿವೇಶದ ಕೆಲಸ. ಅದಕ್ಕೆ ಟೆಂಡರು ಕರೆಯೋಕೆ ಆಗಲ್ಲ.

ಇನ್ನು ಯೋಜನೆ ಮಾಡುವ ದೊಡ್ಡವರ ವಿಚಾರ. ಪ್ಲೇಗು ಬಂದುಹೋದ ಮೇಲೆ 1903ರಲ್ಲಿ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿತು. ಗಾಳಿ, ಬೆಳಕು, ಚರಂಡಿ, ಅಗಲ ರಸ್ತೆ ಅಂತ ಹೊಸ ಬಡಾವಣೆಗಳು ಎದ್ದವು. ನಗರದ ರೋಗ ಮನೆಯ ಒಳಗೆ ಮಾತ್ರ ಇಲ್ಲ, ಮನೆಯ ಸುತ್ತಲೂ ಇದೆ ಅನ್ನುವುದು ಆಳುವವರಿಗೆ ಅವತ್ತೇ ಗೊತ್ತಿತ್ತು. 1914ರಲ್ಲಿ ಸ್ಕಾಟ್ಲೆಂಡಿನಿಂದ ಭಾರತಕ್ಕೆ ಬಂದ ಪ್ಯಾಟ್ರಿಕ್ ಗೆಡ್ಡಿಸ್ ಅನ್ನುವ ವಿದ್ವಾಂಸ ಹತ್ತಾರು ಊರು ಸುತ್ತಿ ವರದಿ ಬರೆದ. ಅವನ ಪಾಠ ಸರಳ: ಮೊದಲು ಸಮೀಕ್ಷೆ, ಆಮೇಲೆ ಯೋಜನೆ. ಗಲ್ಲಿಗಳಲ್ಲಿ ನಡೆದು ನೋಡು, ಜನ ಏನು ಕೆಲಸ ಮಾಡ್ತಾರೆ, ಹೇಗೆ ಬದುಕ್ತಾರೆ, ಎಲ್ಲಿ ಕೂಡ್ತಾರೆ ತಿಳಿ. ಆಮೇಲೆ ಕೈಗೆ ಪೆನ್ಸಿಲು ತಗೋ. ಶುಚಿತ್ವದ ಹೆಸರಲ್ಲಿ ಬಡವರ ಗಲ್ಲಿಗಳನ್ನು ಒಡೆದುಹಾಕುವುದಕ್ಕೆ ಅವನ ವಿರೋಧವಿತ್ತು.

ನೂರು ವರ್ಷ ಕಳೆದಿದೆ. ನಮ್ಮ ಕೇರಿಗಳಿಗೆ ಗೆಡ್ಡಿಸನ ಪಾಠ ಇನ್ನೂ ಬಂದಿಲ್ಲ. ದೇವರಾಜ ಅರಸರ ಕಾಲದ ಜನತಾ ಮನೆ ಬಂತು, ಆಮೇಲೆ ಆಶ್ರಯ ಬಂತು, ಅಂಬೇಡ್ಕರ್ ಹೆಸರಿನ ವಸತಿ ಯೋಜನೆಯೂ ಬಂತು. ಇವುಗಳಿಂದ ನಮಗೆ ಸೂರು ಸಿಕ್ಕಿತು. ಗೌಡನ ಕೊಟ್ಟಿಗೆ ಪಕ್ಕದ ಗುಡಿಸಲಿನಿಂದ ನಮ್ಮ ಹೆಸರಿನ ಹಕ್ಕುಪತ್ರಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಆದರೆ ಹೊಸ ಸೈಟು ಬಿದ್ದದ್ದು ಎಲ್ಲಿ? ಬಹಳ ಕಡೆ ಹಳೇ ಕೇರಿಯ ಬೆನ್ನಿಗೆ, ಇಲ್ಲವೇ ಅದಕ್ಕಿಂತಲೂ ಆಚೆ. ಯಾರಿಗೂ ಬೇಡವಾದ ತಗ್ಗಿನಲ್ಲಿ, ಕೆರೆ ಕೋಡಿಯ ಕೆಳಗೆ, ಸುಡುಗಾಡಿನ ಮಗ್ಗುಲಲ್ಲಿ. ಹೊರಗಿದ್ದವರಿಗೆ ಹೊರಗೇ ಇನ್ನೊಂದು ಸಾಲು. ನಮ್ಮ ಕಡೆ ಹಿರಿಯರ ಬಾಯಲ್ಲಿ ಇಂಥ ಮಾತು ಬರ್ತದೆ: “ಸೈಟ ಕೊಟ್ಟವ್ರ ಕನ ಮಗ, ದಾರಿಯ ಕೊಟ್ಟಿಲ್ಲ.” ಭೂಗೋಳದ ಪ್ರೊಫೆಸರು ಒಂದು ಪಾಠದಲ್ಲಿ ಹೇಳೋದನ್ನು ಆ ಮುದುಕರು ಒಂದೇ ಮಾತಲ್ಲಿ ಹೇಳಿಬಿಡ್ತಾರೆ.

ತಗ್ಗು ಅಂದೆವು. ತಗ್ಗು ಕೂಡ ಬರೀ ನೆಲದ ಗುಣವಲ್ಲ. ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಅಲ್ಲಿಂದ ಈಚೆಗೆ ಕಪಿಲೆಯ ದಡದ ಮನೆಗಳಿಗೆ ಮಳೆ ಎಷ್ಟು ಬಂತು ಅನ್ನೋದಕ್ಕಿಂತ ಬೀಚನಹಳ್ಳಿಯಲ್ಲಿ ಬಾಗಿಲು ಎಷ್ಟು ಎತ್ತಿದರು ಅನ್ನೋದು ಮುಖ್ಯವಾಯಿತು. 2018 ಮತ್ತು 2019ರ ಮಳೆಗಾಲದಲ್ಲಿ ವಯನಾಡಿನ ಮಳೆಯಿಂದ ಜಲಾಶಯ ತುಂಬಿ ನೀರು ಬಿಟ್ಟಾಗ ಮೈಸೂರು-ನಂಜನಗೂಡು ಹೆದ್ದಾರಿಯೇ ಮಲ್ಲನಮೂಲೆ ಮಠದ ಹತ್ತಿರ ಮುಳುಗಿತು. ಹೆದ್ದಾರಿ ಮುಳುಗಿದರೆ ಪತ್ರಿಕೆಯಲ್ಲಿ ಫೋಟೋ ಬರುತ್ತೆ. ತಗ್ಗಿನ ಕೇರಿಯಲ್ಲಿ ರಾಗಿ ಚೀಲ ನೆನೆದರೆ ಯಾವ ಫೋಟೋ? ಕೇರಳದ ಮೋಡ, ಕೋಟೆಯ ಬಾಗಿಲು, ನಂಜನಗೂಡಿನ ತಗ್ಗು ಮೂರೂ ಸೇರಿದಾಗ ಒಂದು ಮನೆಯ ಸನ್ನಿವೇಶ ತಿಳಿಯುತ್ತೆ. ಹಕ್ಕುಪತ್ರದಲ್ಲಿ ಮಾತ್ರ ಉದ್ದ, ಅಗಲ, ಚೆಕ್ಕುಬಂದಿ ಇರುತ್ತೆ, ಅಷ್ಟೇ.

ಸುತ್ತು ಅನ್ನೋದು ಸರ್ಕಾರಕ್ಕೆ ತಿಳಿಯದ ವಿದ್ಯೆ ಅಂತ ಯಾರೂ ಅಂದುಕೊಳ್ಳಬೇಡಿ. ಬೇಕಾದಾಗ ಚೆನ್ನಾಗಿ ತಿಳಿಯುತ್ತೆ. ನರಸೀಪುರ ತಾಲ್ಲೂಕಿನ ಸೋಮನಾಥಪುರವನ್ನೇ ನೋಡಿ. ಹೊಯ್ಸಳರ ದಂಡನಾಯಕ ಸೋಮನಾಥ ಕಟ್ಟಿಸಿದ ಅಗ್ರಹಾರ, ಗುಡಿ 1258ರದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂಥ ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನಲ್ಲಿ ಹೊಸದಾಗಿ ಏನೂ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರಿನಲ್ಲಿ ಅಪ್ಪಣೆ ಇಲ್ಲದೆ ಕಟ್ಟುವ ಹಾಗಿಲ್ಲ ಅಂತ 2010ರಲ್ಲಿ ತಿದ್ದಿದ ಕೇಂದ್ರದ ಕಾಯ್ದೆ ಹೇಳುತ್ತೆ. ಕಲ್ಲಿನ ಗುಡಿ ಚೆನ್ನಾಗಿರಬೇಕಾದರೆ ಅದರ ಸುತ್ತಲೂ ಚೆನ್ನಾಗಿರಬೇಕು. ಸರಿಯಾದ ಮಾತು. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಆ ಹಣ್ಣಿನ ರುಚಿ ಈ ಸೀಮೆಯದು ಅಂತ ಕಾನೂನೇ ಒಪ್ಪಿಕೊಂಡಿದೆ. ಸೊರಗು ರೋಗ ಬಂದು ತೋಟಗಳು ಹಾಳಾದಾಗ ತಳಿ ಉಳಿಸಬೇಕು ಅಂತ ಇಲಾಖೆಗಳು ಓಡಾಡಿದವು. ಅದೂ ಸರಿಯೇ.

ಕಲ್ಲಿಗೆ 300 ಮೀಟರ್ ಸುತ್ತು. ಬಾಳೆಗೆ ಒಂದು ಸೀಮೆಯ ಸುತ್ತು. ಮನುಷ್ಯರಿಗೆ? ಕೇರಿಯ ಸುತ್ತ ನೂರು ಮೀಟರಿನಲ್ಲಿ ಕಸ ಸುರಿಯಬಾರದು, ಕೇರಿಯಿಂದ ಇಷ್ಟು ದೂರದೊಳಗೆ ಬಸ್ ಸ್ಟಾಪು ಇರಲೇಬೇಕು, ಸುಡುಗಾಡಿಗೆ ಯಾರ ಅಪ್ಪಣೆಯೂ ಇಲ್ಲದೆ ಹೆಣ ಹೊತ್ತು ಹೋಗುವ ದಾರಿ ಇರಬೇಕು. ಇಂಥ ಮಾತು ನಕ್ಷೆ ಬರೆಯುವವರ ಬಾಯಲ್ಲಿ ಯಾಕೆ ಬರುವುದಿಲ್ಲ?

ಸುತ್ತಿನ ಬೆಲೆ ಏನು ಅಂತ ಭೂಮಿ ಕೊಳ್ಳುವ ಬಂಡವಾಳಗಾರನಿಗೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಅಜ್ಜಂದಿರಿಗೆ ದರಖಾಸ್ತಿನಲ್ಲಿ ಸಿಕ್ಕ ಎರಡು ಎಕರೆ ಅವತ್ತು ಕಲ್ಲು ಕರಲು. ಸಾಲಕ್ಕೋ, ಮದುವೆಗೋ, ಕಾಯಿಲೆಗೋ ಅಗ್ಗಕ್ಕೆ ಹೋಯಿತು. ಇವತ್ತು ಮೈಸೂರು ಬೆಳೆದು ನಂಜನಗೂಡಿನ ಕಡೆಗೆ, ನರಸೀಪುರದ ಕಡೆಗೆ ಕೈ ಚಾಚುತ್ತಿದೆ. ಆ ಕಲ್ಲು ನೆಲದ ಪಕ್ಕದಲ್ಲಿ ದೊಡ್ಡ ರಸ್ತೆ ಬಂದಿದೆ. ಕಲ್ಲು ಚಿನ್ನವಾಗಲಿಲ್ಲ, ಅದರ ಸುತ್ತು ಚಿನ್ನವಾಯಿತು. ಜಮೀನು ಕಳಕೊಂಡವನ ಕೈಯಿಂದ ಎರಡು ಎಕರೆ ಮಾತ್ರ ಹೋಗಲಿಲ್ಲ, ಆ ಎರಡು ಎಕರೆಗೆ ಮುಂದೆ ಬರಲಿದ್ದ ಸುತ್ತೂ ಹೋಯಿತು. ಇದನ್ನು ತಡೆಯಲೆಂದೇ 1978ರಲ್ಲಿ ಪರಿಶಿಷ್ಟ ಜಾತಿ ಪಂಗಡಗಳ ಜಮೀನು ಪರಭಾರೆ ನಿಷೇಧ ಕಾಯ್ದೆ ಬಂತು, ನಾವು ಪಿ.ಟಿ.ಸಿ.ಎಲ್. ಅಂತ ಕರೆಯೋದು. 2017ರ ಒಂದು ಸುಪ್ರೀಂ ಕೋರ್ಟು ತೀರ್ಪಿನ ನಂತರ, ಬಹಳ ತಡವಾಗಿ ಬಂದಿರಿ ಅಂತ ನಮ್ಮವರ ಅರ್ಜಿಗಳು ಬಿದ್ದುಹೋಗತೊಡಗಿದವು. ಹೋರಾಟ ನಡೆದು 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಅರ್ಜಿಗೆ ಕಾಲಮಿತಿ ಇಲ್ಲ ಎಂದು ಬರೆದರು. ಈ ಕಾಯ್ದೆಯನ್ನು ಓದದ ಹಾಸ್ಟೆಲ್ ಹುಡುಗ, ಹುಡುಗಿ ಇರಬಾರದು. ಊರಿಗೆ ಹೋದಾಗ ಹಳೇ ಟ್ರಂಕಿನಲ್ಲಿರುವ ಸಾಗುವಳಿ ಚೀಟಿಯನ್ನು ತೆಗೆದು ನೋಡಿ.

ಬಾಬಾಸಾಹೇಬರು ಈ ಸನ್ನಿವೇಶದ ಗುಟ್ಟನ್ನು ಎಂದೋ ಬಿಡಿಸಿದ್ದರು. 1942ರ ಜುಲೈನಲ್ಲಿ ನಾಗಪುರದಲ್ಲಿ ಸೇರಿದ ದಲಿತ ವರ್ಗಗಳ ಅಖಿಲ ಭಾರತ ಸಮ್ಮೇಳನ ನಮ್ಮವರಿಗೆ ಪ್ರತ್ಯೇಕ ಊರುಗಳೇ ಬೇಕು ಅಂತ ನಿರ್ಣಯ ಮಾಡಿತು. 1947ರಲ್ಲಿ ಬರೆದ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಅವರು ಇದಕ್ಕಾಗಿಯೇ ಒಂದು ಆಯೋಗ ಬೇಕೆಂದು ಕೇಳಿದರು. ಊರಿನ ಜೊತೆಗಿನ ಸಂಬಂಧವೇ ಕೇರಿಯನ್ನು ಕೇರಿ ಮಾಡಿದೆ. ಆ ಸಂಬಂಧ ಹರಿಯದೆ ಎಷ್ಟು ಸುಣ್ಣ ಬಳಿದರೂ ಕೇರಿ ಕೇರಿಯಾಗೇ ಇರುತ್ತೆ ಅನ್ನೋದು ಅದರ ತಿರುಳು. ಪ್ರತ್ಯೇಕ ಊರು ಆಗಲಿಲ್ಲ. ಬದಲಿಗೆ ನಮ್ಮ ಪಾಲಿಗೆ ಒಂದು ಸಣ್ಣ ಪ್ರತ್ಯೇಕ ಊರು ಸಿಕ್ಕಿತು. ಅದರ ಹೆಸರು ಹಾಸ್ಟೆಲ್ಲು.

ನಗಬೇಡಿ. ಯೋಚನೆ ಮಾಡಿ. ಹಾಸ್ಟೆಲಿನ ನಿವೇಶನ ಎಂಥದ್ದು? ಸೋರುವ ಸೂರು, ಒಂದು ಕೋಣೆಗೆ ಎಂಟು ಜನ, ನೀರಾದ ಸಾರು. ಆದರೂ ಅಲ್ಲಿಂದ ಕವಿ ಬಂದ, ವಕೀಲ ಬಂದ, ಡಾಕ್ಟರು ಬಂದಳು. ಹೇಗೆ? ಹಾಸ್ಟೆಲಿನಿಂದ ಕಾಲೇಜು ನಡೆಯುವ ದೂರ. ಗ್ರಂಥಾಲಯ ನಡೆಯುವ ದೂರ. ಸಭೆ ನಡೆಯುವ ಮೈದಾನ ನಡೆಯುವ ದೂರ. ಅಲ್ಲಿ ಕೊಡ ಹಿಡಿದು ಕಾಯಿಸುವ ಬಾವಿ ಇರಲಿಲ್ಲ. ಹಾಸ್ಟೆಲು ನಮಗೆ ಮುದ್ದೆಗಿಂತ ಹೆಚ್ಚಾಗಿ ಸನ್ನಿವೇಶ ಕೊಟ್ಟಿತು. ನಂಜನಗೂಡು ತಾಲ್ಲೂಕಿನ ದೇವನೂರು ಭೂಪಟದಲ್ಲಿ ಒಂದು ಚುಕ್ಕೆ. ಅಲ್ಲಿ ಹುಟ್ಟಿದ ದೇವನೂರ ಮಹಾದೇವ ಈ ಸೀಮೆಯ ಮಾತಿನಲ್ಲೇ ‘ಕುಸುಮಬಾಲೆ’ ಬರೆದರು. ಅದಕ್ಕೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕ್ಲಾಸಿನಲ್ಲಿ ಆಡಿದರೆ ನಗುತ್ತಿದ್ದ ನಮ್ಮ ಮಾತು ಕ್ಲಾಸಿನ ಪಾಠವಾಯಿತು. ಮಾತು ಅದೇ, ಸುತ್ತು ಬೇರೆ.

ಆದ್ದರಿಂದ ಎಚ್ಚರ. ಊರೊಳಗೆ ಜಾಗದ ಬೆಲೆ ಹೆಚ್ಚು, ಊರಾಚೆ ಐದು ಎಕರೆ ಇದೆ, ಅಲ್ಲಿ ಭರ್ಜರಿ ಹಾಸ್ಟೆಲು ಕಟ್ಟಿಕೊಡ್ತೀವಿ ಅಂತ ಯಾರಾದರೂ ಬಂದರೆ ಒಪ್ಪಬೇಡಿ. ಟೈಲ್ಸು ನೋಡಿ ಮರುಳಾಗಬೇಡಿ. ಹೆಣ್ಣುಮಕ್ಕಳ ಹಾಸ್ಟೆಲು ಊರಾಚೆ ಹೋದರೆ ಸಂಜೆಯ ಗ್ರಂಥಾಲಯ ಹೋಯಿತು, ಸಭೆ ಹೋಯಿತು, ಟೈಪಿಂಗೋ ಕಂಪ್ಯೂಟರೋ ಕಲಿಯುವ ಕ್ಲಾಸು ಹೋಯಿತು. ಕತ್ತಲಾದ ಮೇಲೆ ಬಸ್ಸಿಳಿದು ನಡೆಯುವ ಭಯ ಬಂತು. ಅದು ಹಾಸ್ಟೆಲ್ ಹೆಸರಿನ ಇನ್ನೊಂದು ಕೇರಿ.

ಕೆಲವರು ನಮ್ಮನ್ನು ಕೇಳುತ್ತಾರೆ: ಸೈಟೇ ಸಿಗದವರು ಸಾವಿರಾರು ಜನ ಇದ್ದಾರೆ, ನೀವು ಸನ್ನಿವೇಶ ಅಂತ ಪಾಂಡಿತ್ಯ ಹೇಳ್ತಿದ್ದೀರಲ್ಲ? ಹಸಿದವನ ಎದುರು ರುಚಿಯ ಚರ್ಚೆ ಮಾಡಬಾರದು, ಒಪ್ಪುತ್ತೇವೆ. ಸೈಟಿನ ಹೋರಾಟ ನಿಲ್ಲಬಾರದು. ಆದರೆ ಅರ್ಜಿಯಲ್ಲಿ ಒಂದು ಸಾಲು ಸೇರಿಸೋಕೆ ಏನು ಖರ್ಚು? ನಿವೇಶನ ಬೇಕು ಅಂತ ಬರೆಯುವ ಕೈ, ಊರಿನ ನಡುವೆ ಬೇಕು, ಬಸ್ಸು ನಿಲ್ಲುವ ಕಡೆ ಬೇಕು, ನೀರು ನಿಲ್ಲದ ಕಡೆ ಬೇಕು ಅಂತಲೂ ಬರೆಯಲಿ. ಹಣ ಇಲ್ಲ ಅಂತಾರೆ. 2013ರ ಉಪಯೋಜನೆ ಕಾಯ್ದೆಯ ಪ್ರಕಾರ ರಾಜ್ಯದ ಯೋಜನಾ ಹಣದಲ್ಲಿ ನಮ್ಮ ಜನಸಂಖ್ಯೆಗೆ ತಕ್ಕ ಪಾಲು, ಪರಿಶಿಷ್ಟ ಜಾತಿ ಪಂಗಡ ಸೇರಿ ನೂರಕ್ಕೆ 24.10, ನಮಗಾಗಿಯೇ ಇಡಬೇಕು. ಆ ಹಣ ಬರೀ ಕೇರಿಯೊಳಗಿನ ಕಾಂಕ್ರೀಟಿಗೆ ಸುರಿದು ಮುಗಿಯಬಾರದು. ಕೇರಿಯಿಂದ ಹೊರಡುವ ದಾರಿಗೆ, ಬಸ್ಸಿಗೆ, ಸುಡುಗಾಡಿಗೆ, ಗ್ರಂಥಾಲಯಕ್ಕೆ ಹೋಗಬೇಕು.

ಇದಕ್ಕೆ ನಾವು ಮಾಡಬಹುದಾದ ಒಂದು ಕೆಲಸ ಇದೆ. ಮುಂದಿನ ರಜೆಗೆ ಊರಿಗೆ ಹೋಗುವಾಗ ಒಂದು ದೊಡ್ಡ ಹಾಳೆ, ಒಂದು ಪೆನ್ಸಿಲು ಇಟ್ಟುಕೊಳ್ಳಿ. ನಿಮ್ಮ ಕೇರಿಯ ಸುತ್ತಿನ ನಕ್ಷೆ ಬರೆಯಿರಿ. ಕುಡಿಯುವ ನೀರಿಗೆ ಎಷ್ಟು ಹೆಜ್ಜೆ? ಬಸ್ಸಿಗೆ ಎಷ್ಟು? ಸ್ಕೂಲಿಗೆ, ನ್ಯಾಯಬೆಲೆ ಅಂಗಡಿಗೆ, ಪಂಚಾಯ್ತಿ ಆಫೀಸಿಗೆ ಎಷ್ಟು? ಸುಡುಗಾಡಿಗೆ ಹೋಗುವ ದಾರಿ ಯಾರ ಜಮೀನಿನಲ್ಲಿ ಹಾಯುತ್ತೆ? ಮಳೆ ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತೆ? ನಮ್ಮವರು ಕಾಲಿಡದ ಬೀದಿ ಯಾವುದು, ಯಾಕೆ? ಅವ್ವನನ್ನು ಕೇಳಿ, ತಾತನನ್ನು ಕೇಳಿ. ಸರ್ವೆ ನಂಬರಿನಲ್ಲಿ ಇಲ್ಲದ್ದು ಅವರ ಕಾಲಿಗೆ ಗೊತ್ತಿದೆ. ನಕ್ಷೆಯನ್ನು ಗ್ರಾಮಸಭೆಯಲ್ಲಿ ಎಲ್ಲರ ಎದುರು ಹಾಸಿ, ನಡಾವಳಿಯಲ್ಲಿ ಬರೆಸಿ, ನಕಲು ಕೇಳಿ ಪಡೆಯಿರಿ. ಎರಡು ತಾಲ್ಲೂಕಿನ ಇಂಥ ನೂರು ನಕ್ಷೆ ಒಂದು ಕಡೆ ಸೇರಿದರೆ ಯಾವ ತಹಸೀಲ್ದಾರನೂ ನಮಗೆ ಗೊತ್ತಿರಲಿಲ್ಲ ಅನ್ನಲಾರ.

ಒಂದು ಮಾತು ನೆನಪಿರಲಿ. ಸರ್ಕಾರದ ನಕ್ಷೆಯಲ್ಲಿ ಊರನ್ನು ನಡುವೆ ಬರೆದು ಕೇರಿಯನ್ನು ಅಂಚಿಗೆ ತಳ್ಳಿರುತ್ತಾರೆ. ನೀವು ಹಾಳೆಯ ನಟ್ಟನಡುವೆ ಕೇರಿಯನ್ನು ಬರೆಯಿರಿ. ಆಮೇಲೆ ದಾರಿ, ಬಾವಿ, ಗುಡಿ, ಗದ್ದೆ ಎಲ್ಲವನ್ನೂ ಒಂದೊಂದಾಗಿ ಅದರ ಸುತ್ತ ಇಡುತ್ತಾ ಹೋಗಿ. ಕಡೆಗೆ ಊರು ಎಲ್ಲಿ ಬಿತ್ತು ನೋಡಿ. ಕೇರಿಯ ಹೊರಗೆ.